ಕುದುರೆ ಮನೆಗೆ ಹೋದ ಪ್ಯಾದೆ

ದೀಪಾವಳಿ ರಜೆಗೆ ವಿಜಯಪುರದಿಂದ ತಿಕೋಟಾಕ್ಕೆ ಹೊರಟರೆ ನನ್ನ ಚೀಲಕ್ಕೆ ಬಟ್ಟೆಗಿಂತ ಮೊದಲು ಅಜ್ಜನ ಚದುರಂಗದ ಹಲಗೆ ಸೇರುತ್ತಿತ್ತು. ಅಣ್ಣ ಅಲ್ಲಿ ದ್ರಾಕ್ಷಿ ಬೆಳೆಯುತ್ತಾನೆ, ನಾನು ಇಲ್ಲಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಹಬ್ಬಕ್ಕೊಂದು ಕಠಿಣ ಚೆಸ್ ಸಮಸ್ಯೆ ಬಿಡಿಸುವುದು ನಮ್ಮಿಬ್ಬರ ಪಂದ್ಯ. ಮೊದಲು ಬಿಡಿಸಿದವರ ಮನೆಯಲ್ಲಿ ಹಲಗೆ ಒಂದು ವರ್ಷ ಇರಬೇಕು. ಮೂರು ವರ್ಷದಿಂದ ಅದು ನನ್ನಲ್ಲೇ ಇತ್ತು, ಬಿಟ್ಟುಕೊಡುವ ಮಾತೇ ಇರಲಿಲ್ಲ.

ಕಳೆದ ದೀಪಾವಳಿಯ ಸಮಸ್ಯೆ ನೋಡಲು ಸರಳ. ಬಿಳಿ ಪ್ಯಾದೆ ಕೊನೆಯ ಸಾಲಿಗೆ ಒಂದೇ ಹೆಜ್ಜೆ ದೂರ. ಎರಡು ನಡೆಯಲ್ಲಿ ಕರಿ ರಾಜನನ್ನು ಕಟ್ಟಿಹಾಕಬೇಕು. ಆದರೆ ಪ್ಯಾದೆ ಮುಂದೆ ಹೋಗಿ ಮಂತ್ರಿಯಾದರೆ ಕರಿ ರಾಜನಿಗೆ ಶಹವೂ ಬೀಳದೆ, ನಡೆಯೂ ಉಳಿಯದೆ ಆಟ ಸಮವಾಗುತ್ತಿತ್ತು. ಫೋನು ಮುಟ್ಟುವಂತಿಲ್ಲ. ಎರಡು ದಿನ ತಲೆ ಕೆರೆದುಕೊಂಡೆವು. ಅಣ್ಣನ ಹೆಂಡತಿ ಮಾಡಿದ್ದ ಶಂಕರಪಾಳಿ ಮುಗಿದವು, ಸಮಸ್ಯೆ ಮುಗಿಯಲಿಲ್ಲ.

ಪಾಡ್ಯದ ಬೆಳಿಗ್ಗೆ, ಬಬಲೇಶ್ವರದಿಂದ ತವರಿಗೆ ಬಂದಿದ್ದ ಸೋದರತ್ತೆ ಚಹಾ ಇಟ್ಟು ಅಲ್ಲೇ ನಿಂತಳು. ನಾವು ಎಲ್ಲ ವಿವರಿಸಿದೆವು.

"ಪ್ಯಾದಿ ಮಂತ್ರಿ ಹ್ಯಾಂಗ ಆಗ್ತದ? ಕುದುರಿ ಮನಿಗೆ ಹೋದ ಪ್ಯಾದಿ ಕುದುರಿನ ಆಗ್ತದ."

ಅದು ಅಜ್ಜನ ಕಾಲದ ಆಟ. ಪ್ಯಾದೆ ಯಾವ ಕಾಯಿಯ ಮನೆ ಮುಟ್ಟುತ್ತದೋ ಆ ಕಾಯಿಯೇ ಆಗಬೇಕು.

"ಈಗ ಹಂಗಿಲ್ಲ ಅತ್ತಿ, ಬೇಕಾದ್ದು ಮಾಡ್ಕೋಬಹುದು," ಎಂದು ಮೇಷ್ಟರ ಗತ್ತಿನಲ್ಲಿ ನಕ್ಕೆ.

ಅವಳು ಕಿವಿಗೆ ಹಾಕಿಕೊಳ್ಳದೆ ಪ್ಯಾದೆ ತೆಗೆದು ಕುದುರೆ ಇಟ್ಟಳು. ಕರಿ ರಾಜನಿಗೆ ಉಳಿದಿದ್ದ ಒಂದೇ ಮನೆಗೆ ಅಣ್ಣ ಅವನನ್ನು ಸರಿಸಿದ. ಅತ್ತೆ ಅದೇ ಕುದುರೆ ಹಾರಿಸಿ ಶಹ ಕೊಟ್ಟಳು. ರಾಜ ಸಿಕ್ಕಿಬಿದ್ದಿದ್ದ.

ಬೇಕಾದ್ದು ಮಾಡಿಕೊಳ್ಳಬಹುದು ಎಂದ ನಾನೇ ಎರಡು ದಿನ ಮಂತ್ರಿ ಬಿಟ್ಟು ಬೇರೇನೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅಣ್ಣನಂತೂ ನಾನು ಸೋತೆನೆಂದೇ ಚಪ್ಪಾಳೆ ತಟ್ಟಿದ.

"ನಿನಗ ಇಷ್ಟ ಚಲೋ ಆಡಾಕ ಬರ್ತದಂತ ಒಮ್ಮಿನೂ ಹೇಳಿಲ್ಲಲ್ಲ?" ಎಂದೆ.

"ಯಾರ ಕೇಳೀರಿ? ಲಗ್ನ ಆಗೂತನಕ ದಿನಾ ಸಂಜಿಕ ಅಪ್ಪನ ಜೋಡಿ ಆಡಾಕಿ ನಾನ."

ಹಲಗೆ ನನ್ನದೆಂದು ಮೂರು ವರ್ಷ ಮೆರೆದವನಿಗೆ ಅದು ಅವಳ ಅಪ್ಪನದೂ ಹೌದೆಂದು ಹೊಳೆದೇ ಇರಲಿಲ್ಲ.

ಸಂಜೆ ಉಡಿ ತುಂಬಿಸಿಕೊಂಡು ಅತ್ತೆ ಬಸ್ಸು ಹತ್ತಿದಳು. ಹೊಸ ಸೀರೆ ಚೀಲದಲ್ಲಿತ್ತು, ಹಲಗೆ ಮಾತ್ರ ತೊಡೆಯ ಮೇಲೆ. ಅದೇನೆಂದು ಪಕ್ಕದ ಹೆಂಗಸು ಕೇಳಿದ್ದು ಕಿಟಕಿಯಾಚೆ ನಿಂತಿದ್ದ ನನಗೂ ಕೇಳಿಸಿತು.

"ನಮ್ಮಪ್ಪನ ಹಲಗಿ," ಎಂದಳು ಅತ್ತೆ. "ಗೆದ್ದ ಒಯ್ಯಾಕತ್ತೇನಿ."