ಗೋಡೆಯಾಚೆ ನಿಂತ ದಫೇದಾರರು

ಹೊಸ ಚಪ್ಪಲಿ ಕಚ್ಚುತ್ತಿತ್ತು. ಹರಳೆಣ್ಣೆ ಸವರಿ ಬಿಸಿಲಿಗಿಟ್ಟೆ. ಸ್ವಲ್ಪ ಹೊತ್ತಿಗೆ ಕಾದ ಚರ್ಮದ ವಾಸನೆ ಜಗುಲಿಗೆ ಬಂತು; ನನ್ನ ಅಂಗೈ ಬೆವರಿತು. ಈ ವಯಸ್ಸಿನಲ್ಲೂ! ಆ ವಾಸನೆಯ ಹಿಂದೆಯೇ ಹುಣಸೂರಿನ ದಫೇದಾರರು ಕಾಲೆಳೆಯುತ್ತ ಬಂದರು...

ಆಗ ಮಹಾರಾಜರ ಸರ್ಕಾರ. ನನಗೆ ಇಪ್ಪತ್ಮೂರು. ಹುಣಸೂರಿನಲ್ಲಿ ಅಧಿಕಾರಿಯಾಗುವ ತರಬೇತಿಗೆ ಸೇರಿದ್ದೆ. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗಳಿಗೆ ಹೋಗಲು ಕುದುರೆಯೇ ಗತಿ. ಹಾಗಾಗಿ ಸವಾರಿಯ ಪರೀಕ್ಷೆ ಪಾಸಾಗದೆ ಕೆಲಸ ಖಾಯಮಾಗುತ್ತಿರಲಿಲ್ಲ. ರಸ್ತೆಯ ಮೇಲೆ ಓಡಿಸಿದರೆ ಸಾಲದು. ಹೊಲ ಬಯಲುಗಳಲ್ಲಿ ಹೋಗುತ್ತ ಬೇಲಿ, ಹಳ್ಳ, ಬಿದ್ದ ಮರ, ಎದುರಾದದ್ದನ್ನೆಲ್ಲ ಹಾರಿಸಬೇಕು. ನಾನೋ ಮಿರ್ಲೆಯ ಕಡೆಯವನು. ಎತ್ತಿನ ಗಾಡಿ ಬಿಟ್ಟರೆ ಬೇರೇನನ್ನೂ ಹತ್ತಿದವನಲ್ಲ. ಅಭ್ಯಾಸವಿದ್ದ ದಿನ ತಡಮಾಡಲು ನೆಪ ಹುಡುಕುತ್ತಿದ್ದೆ.

ಕಲಿಸುತ್ತಿದ್ದವರು ದಫೇದಾರರು. ಕುದುರೆ ಪಡೆಯಲ್ಲಿದ್ದು ಬಂದ ಮುಸಲ್ಮಾನರು, ಒಂದು ಕಾಲು ಕುಂಟು. ಅವರ ತಮ್ಮ ಪೇಟೆಯಲ್ಲಿ ಜೀನು ಹೊಲಿಯುತ್ತಿದ್ದ. ಧೈರ್ಯ ತುಂಬುವ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ದಿನವೂ ಕಾಲಿಡುವ ರಿಕಾಪಿನ ಚರ್ಮದ ಪಟ್ಟಿಗೆ ಹರಳೆಣ್ಣೆ ಸವರಿ, ಜಗ್ಗಿ ನೋಡುವರು. ಬೂಟಿನ ಮುಂಭಾಗವಷ್ಟೇ ರಿಕಾಪಿನಲ್ಲಿರಬೇಕು, ಬಿದ್ದರೆ ಕಾಲು ಕಳಚಿ ಬರಬೇಕು. ತಲೆಯ ರುಮಾಲಿನೊಳಗೆ ಹತ್ತಿ ತುಂಬಿ ಕಟ್ಟಿಸುವರು. ಒಬ್ಬನೇ ಹೋಗಿ ಹಾರಿಸುವ ಹಾಗಿಲ್ಲ. ಹಾರುವ ಜಾಗವನ್ನು ಮೊದಲು ಕಾಲಿನಲ್ಲಿ ತುಳಿದು ನೋಡದೆ ಕುದುರೆಯನ್ನು ಹತ್ತಿರಕ್ಕೂ ಬಿಡರು.

“ಈಚೆ ಕಡೆ ಕುದ್ರೆ ನೋಡ್ಕತದೆ. ಆಚೆ ಕಡೆ ನೀವು ನೋಡ್ಬೇಕು ಕಣ್ರೀ,” ಎನ್ನುವರು. ರಿಕಾಪಿನಲ್ಲಿ ಕಾಲು ಸಿಕ್ಕಿಕೊಂಡ ಜೊತೆಗಾರನೊಬ್ಬನ ಕಥೆ ಶುರುಮಾಡಿ, “ಆಮ್ಯಾಕೆ ಕುದ್ರೆ ನಿಲ್ಲಲೇ ಇಲ್ಲ...” ಎಂದು ಅಲ್ಲಿಗೇ ಬಿಟ್ಟುಬಿಡುವರು. ಉಳಿದದ್ದನ್ನು ನಾನು ಕಲ್ಪಿಸಿಕೊಂಡು ಬೆವರುತ್ತಿದ್ದೆ.

ಒಂದು ಬೆಳಿಗ್ಗೆ ಮೇಲಿನ ಸಾಹೇಬರೊಬ್ಬರು ಅಭ್ಯಾಸ ನೋಡಲು ಬಂದರು. ಹಳ್ಳ ದಾಟಿದೆ, ಬಿದ್ದ ಮರವನ್ನೂ ದಾಟಿದೆ. ಆಗ ಅವರು ಬೆತ್ತದಿಂದ ದೂರದ ಕಲ್ಲುಗೋಡೆಯೊಂದನ್ನು ತೋರಿಸಿದರು. ನಾವು ಎಂದೂ ಹೋಗದಿದ್ದ ಜಾಗ. ಎದೆಯೆತ್ತರದ ಗೋಡೆ, ಆಚೆಯ ಬುಡದಲ್ಲಿ ಏನಿದೆಯೆಂದು ಕಾಣದು. ನನ್ನ ತೊಡೆಗಳು ನಡುಗತೊಡಗಿದವು. ಕುದುರೆಗೂ ಅದು ತಿಳಿದು ಕಿವಿ ಹಿಂದಕ್ಕೆ ಮಡಿಸಿತು.

ಜೀನಿನ ಪಟ್ಟಿ ಬಿಗಿಮಾಡಲು ದಫೇದಾರರು ಹತ್ತಿರ ಬಂದಾಗ ಪಿಸುಗುಟ್ಟಿದೆ. “ದಫೇದಾರ್ರೇ, ನನ್ ಕೈಲಿ ಆಗಲ್ಲ.”

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿದರು.

“ಆಚೆ ನೆಲ ನೋಡಿಲ್ಲ ಸ್ವಾಮಿ. ನೋಡ್ದೆ ಆರ್ಸಾಕಾಗಕಿಲ್ಲ.”

“ಪಡೆಯಲ್ಲಿದ್ದವನು ನೀನು! ಒಂದು ಗೋಡೆಗೆ ಹೆದರ್ತೀಯಾ?”

“ಊಂ ಸ್ವಾಮಿ, ಎದರ್ತೀನಿ.”

ಸಾಹೇಬರು ಅವರನ್ನು ಬಿಟ್ಟು ನನಗೆ ಹೇಳಿದರು: “ನೀವು ಹೊರಡಿ.” ದಫೇದಾರರು ಆಗಲೇ ಗೋಡೆಯ ಕಡೆಗೆ ಕುಂಟುತ್ತ ಓಡುತ್ತಿದ್ದರು. ರಿಕಾಪು ಸರಿಮಾಡುವ ನೆಪದಲ್ಲಿ, ಅವರು ಗೋಡೆಯ ತುದಿ ಬಳಸಿ ಮರೆಯಾಗುವವರೆಗೂ ತಡಮಾಡಿದೆ, ಆಮೇಲೆ ಕುದುರೆಯನ್ನು ಓಡಿಸಿದೆ. ಗಾಳಿ ಕಿವಿಯಲ್ಲಿ ಮೊರೆಯಿತು, ಗೋಡೆ ಬೆಳೆಯುತ್ತಲೇ ಬಂತು. ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ, ನಾನು ಹಾರಬೇಕಾದ ಕಡೆಯೇ, ಗೋಡೆಯ ಆಚೆಯಿಂದ ಅವರ ತಲೆ, ಎತ್ತಿದ ಎರಡು ಕೈ ಮೇಲೆದ್ದವು. ಲಗಾಮು ಎಳೆದೆ. ಕುದುರೆ ಪಕ್ಕಕ್ಕೆ ತಿರುಗಿತು. ನನ್ನ ಮೊಣಕಾಲು ಕಲ್ಲಿಗೆ ಉಜ್ಜಿ ರಕ್ತ ಬಂತು, ಅಷ್ಟೇ.

“ಆಚೆ ಗುಂಡಿ ಅದೆ ಸ್ವಾಮಿ!” ಎಂದು ಕೂಗಿದರು.

ಸಾಹೇಬರು ತಾವೇ ನಡೆದುಹೋಗಿ ನೋಡಿದರು. ರಾಗಿ ಕೊಯ್ದ ಹೊಲ. ಹಾಸಿಗೆಯಂಥ ನೆಲ. ಗುಂಡಿಯೂ ಇಲ್ಲ, ಕಲ್ಲೂ ಇಲ್ಲ.

“ಎಲ್ಲಿ ಗುಂಡಿ?”

“ಕಣ್ಗೆ ಅಂಗೆ ಕಾಣ್ತು ಸ್ವಾಮಿ. ವಯಸ್ಸಾಯ್ತು.”

ದಫೇದಾರರು ನನ್ನ ಕಡೆ ನೋಡಲಿಲ್ಲ. ಹೆದರಿದ್ದು ನಾನು ಎಂದು ನಾನು ಹೇಳಬೇಕಿತ್ತು. ಹೇಳಿದರೆ ಕೆಲಸ ಹೋಗುತ್ತದೆ... ಕುದುರೆಯ ಕೊರಳು ಸವರುತ್ತ ನಿಂತೆ. ಕಣ್ಣು ಮಂಜಾಗಿರುವ ಮುದುಕನೆಂದು ಅವತ್ತೇ ಅವರನ್ನು ಕೆಲಸದಿಂದ ತೆಗೆದರು.

ಮರುದಿನ ಅವರ ಮನೆಗೆ ಹೋದೆ. ತಲೆಯೆತ್ತಲಾಗಲಿಲ್ಲ. “ನಾನು ಹೇಳಬೇಕಿತ್ತು,” ಎಂದೆ.

“ನಡುಗ್ತಾ ಆರ್ಸೋನು ಕಡೇ ಗಳಿಗೇಲಿ ಲಗಾಮು ಎಳೀತಾನೆ. ಕುದ್ರೆ ಗೋಡೆ ಮ್ಯಾಲೇ ಬೀಳ್ತದೆ, ಅವ್ನ ಮ್ಯಾಲೆ ಕುದ್ರೆ. ನಾನು ಕಂಡಿವ್ನಿ,” ಎಂದರು. “ನೆಲ ಸರಿಯಾಗೇ ಇತ್ತು ಸ್ವಾಮಿ. ನೀವು ಸರಿಯಾಗಿರ್ಲಿಲ್ಲ. ನಾಳೆ ಬನ್ನಿ, ಗೋಡೆ ತಾವ ಓಗಣ.”

ಹೊಲದವರನ್ನು ಕೇಳಿ, ಗೋಡೆಯ ಒಂದು ಕಡೆ ಮೊಣಕಾಲೆತ್ತರ ಉಳಿಯುವಷ್ಟು ಕಲ್ಲು ಇಳಿಸಿದರು. ನಾನು ಹಾರಿಸಿದೆ. ಎರಡು ದಿನಕ್ಕೊಮ್ಮೆ ಒಂದು ಸಾಲು ಕಲ್ಲು ಮತ್ತೆ ಏರುತ್ತಿತ್ತು. ಕೆಲಸ ಕಳೆದುಕೊಂಡವರು ದಿನವೂ ನನಗಿಂತ ಮೊದಲೇ ಬಂದು ಆಚೆಯ ನೆಲ ತುಳಿಯುತ್ತಿದ್ದರು. ಗೋಡೆ ಪೂರ್ತಿಯಾದ ದಿನವೂ ನನಗೆ ಭಯವಿತ್ತು. ಆದರೆ ಲಗಾಮು ಎಳೆಯಲಿಲ್ಲ. ಪರೀಕ್ಷೆ ಪಾಸಾದೆ. ಯಾರು ಕಲಿಸಿದರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಿರಿಯಾಪಟ್ಟಣಕ್ಕೆ ವರ್ಗವಾದ ಮೇಲೆ ಒಮ್ಮೆ ಅಲ್ಲೇ ಹತ್ತಿರದ ಕೊಪ್ಪದ ಸಂತೆಯಲ್ಲಿ ಜೀನು ಹೊಲಿಯುವ ಅವರ ತಮ್ಮ ಸಿಕ್ಕಿದ. “ಅಣ್ಣ ಓಗ್ಬುಟ್ರು ಸ್ವಾಮಿ, ಆರು ತಿಂಗ್ಳಾಯ್ತು,” ಎಂದ. ಹುಣಸೂರಿಗೆ ಒಂದು ಗಳಿಗೆ ಹೋಗಿಬರಲು ನನಗೆ ಬಿಡುವಿರಲಿಲ್ಲವೇ? ಇತ್ತು. ಮುಖವಿರಲಿಲ್ಲ.

ಆ ಬೆಳಿಗ್ಗೆ ಆ ಹೊಲದಲ್ಲಿದ್ದವರ ಪೈಕಿ ಈಗ ಉಳಿದಿರುವವನು ನಾನೊಬ್ಬನೇ. ದಫೇದಾರರ ಕಣ್ಣು ಚೆನ್ನಾಗಿತ್ತು. ಹೆದರಿದ್ದು ನಾನು. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಕೇಳಬೇಕಾದವರು ಯಾರೂ ಇಲ್ಲ.