ಹಾಲು ಮೂಸಿದ ಏಳು ಜನ

ಹಾಲಿಗೆ ವಾಸನೆ ಇದೆ ಎಂದು ಹೇಳುವುದಕ್ಕೆ ಬಾಯಿ ಬಿಡಬೇಕಾಗಿಲ್ಲ. ಪಾತ್ರೆಯ ಮೇಲೆ ಬಗ್ಗಿ, ಮೂಗು ಕಿವಿಚಿ, ತಲೆಯನ್ನು ಪಕ್ಕಕ್ಕೆ ಎಳೆದುಕೊಂಡರೆ ಆಯಿತು. ಇದು ನನಗೆ ಗೊತ್ತಿರುವುದು ನಾನೇ ಹಾಗೆ ಮಾಡಿದ್ದರಿಂದ. ಬರೆಯಲು ಕೂತಾಗಲೂ ಬಾಯಲ್ಲಿ ಹುಳಿ ನೀರು ಊರುತ್ತದೆ.

ನಮ್ಮೂರು ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ದಾರಿಯಲ್ಲಿ, ನಾಲೆ ಪಕ್ಕ. ತೊಂಬತ್ತರ ದಶಕದಲ್ಲಿ ಅಲ್ಲಿ ಹೆಂಗಸರದೇ ಒಂದು ಹಾಲಿನ ಸಂಘ ಶುರುವಾಯಿತು. ಊರಿನವರ ಬಾಯಲ್ಲಿ ಅದು ‘ಡೈರಿ’. ಏಳು ಜನ ನಿರ್ದೇಶಕಿಯರು. ಅವರಲ್ಲಿ ನಾನೂ ಒಬ್ಬಳು. ಏಳೂ ಜನ ವಿಭೂತಿ ಹಚ್ಚುವ, ಮಠಕ್ಕೆ ನಡೆದುಕೊಳ್ಳುವ ಮನೆಗಳವರು. ಹಾಗೇ ಇರಬೇಕೆಂದು ಯಾರೂ ಹೇಳಿರಲಿಲ್ಲ. ಹೆಸರು ಬರೆಯುವಾಗ ಹಾಗೆ ಆಗಿತ್ತು, ಅಷ್ಟೆ. ಆಗ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಹಾಲು ಹಾಕಬೇಕು. ನಮ್ಮ ಕಾರ್ಯದರ್ಶಿ ಎಸ್ಸೆಸ್ಸೆಲ್ಸಿ ಓದಿ ಊರಿಗೆ ಸೊಸೆಯಾಗಿ ಬಂದಿದ್ದ ಹುಡುಗಿ. ಅವಳು ಮೊದಲು ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಾಳೆ. ಆಮೇಲೆ ಗಾಜಿನ ಬುರುಡೆ ತೇಲಿಬಿಟ್ಟು ನೀರು ಬೆರೆಸಿದ್ದಾರಾ ಎಂದು ನೋಡುತ್ತಾಳೆ. ಆಮೇಲೆ ಅಳೆದು ದೊಡ್ಡ ಕ್ಯಾನಿಗೆ ಸುರಿಯುತ್ತಾಳೆ. ಎಲ್ಲರ ಮನೆ ಹಾಲೂ ಒಂದೇ ಕ್ಯಾನಿಗೆ. ಗಾಡಿ ಬಂದರೆ ಕ್ಯಾನು ಗಾಡಿಗೆ.

ಎರಡು ಮೂರು ವರ್ಷ ಕಳೆದ ಮೇಲೆ ಕೆಳಗಿನ ಕೇರಿಯ ದಲಿತರ ಮನೆಯವಳೊಬ್ಬಳು ಹಾಲು ತಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನಮ್ಮ ಗದ್ದೆಗೂ ಕಳೆ ಕೀಳಲು ಬರುತ್ತಿದ್ದವಳು. ಅವಳು ಕೊಂಡಿದ್ದ ಸೀಮೆಹಸು ನಮ್ಮ ಅಧ್ಯಕ್ಷೆಯ ಕೊಟ್ಟಿಗೆಯದೇ. ಒದೆಯುತ್ತದೆ ಅಂತ ಮಾರಿದ್ದರು. ಹೋದ ತಿಂಗಳವರೆಗೆ ಅದೇ ಹಸುವಿನ ಹಾಲು ಅದೇ ಕ್ಯಾನಿಗೆ ಬೀಳುತ್ತಿತ್ತು.

ಅವಳನ್ನು ಬೇಡ ಅನ್ನುವ ಹಾಗಿರಲಿಲ್ಲ, ಕಾನೂನಿತ್ತು. ಆರು ತಿಂಗಳು ಹಾಲು ಹಾಕಿದರೆ ಸದಸ್ಯತ್ವವನ್ನೂ ಕೊಡಬೇಕು. ಅವಳು ಕೇಳಿದ್ದೂ ಅದನ್ನೇ. "ಮೆಂಬರ್ ಮಾಡ್ಕಳಿ ಅಕ್ಕಾರೆ. ನಾನೂ ಎಲ್ಲರಂಗೆ ಹಾಲಾಕ್ಕಂಡು ಓಯ್ತೀನಿ," ಅಂದಳು. ಅವಳ ಆಸೆ ಇಷ್ಟೇ: ಕೂಲಿಯ ದಿನಕ್ಕೂ ಕೂಲಿಯಿಲ್ಲದ ದಿನಕ್ಕೂ ಮನೆಯಲ್ಲಿ ಒಂದು ಆಧಾರ.

ನಮ್ಮ ಅಧ್ಯಕ್ಷೆ ಒಂದು ಉಪಾಯ ಕಂಡುಹಿಡಿದರು. ಮೂಲೆಯಲ್ಲಿ ಹಳೆಯದೊಂದು ನೆಗ್ಗಿದ ಕ್ಯಾನಿತ್ತು. "ಅವಳ ಹಾಲು ಇದಕ್ಕೆ ಉಯ್ಕಳಿ. ಗಾಡಿಯವ್ನು ಬಂದಾಗ ಅವ್ನೇ ತನ್ ಕ್ಯಾನಿಗೆ ತುಂಬ್ಕತಾನೆ. ಅಲ್ಲಿ ಏನಾರ ಮಾಡ್ಕಳ್ಳಿ, ನಮ್ ಕಣ್ಮುಂದೆ ಬೇಡ."

ನಾನು ನಗುತ್ತಾ ಕೇಳಿದೆ, "ಅಲ್ಲ ಕಣಕ್ಕ, ನಿಮ್ಮನೇ ಹಸ ತಾನೆ ಅದು?"

"ಹಸ ಕೈ ಬದಲಾಯ್ಸುದ್ರೆ ಹಾಲೂ ಬದಲಾಯ್ತದೆ ಕಣಮ್ಮಿ. ನಿಂಗೇನ್ ಗೊತ್ತು, ನೀನು ಮೂಗೂರ್ ಕಡೆಯವಳು," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟಿ. ನರಸೀಪುರ ತಾಲ್ಲೂಕಿನ ನನ್ನ ತವರನ್ನು ಹೀಗೆ ಆಡಿಕೊಳ್ಳುವುದು ಅಲ್ಲಿ ರೂಢಿ. ನಗುವಿನಲ್ಲಿ ಮಾತು ಮುಗಿದುಹೋಯಿತು.

ದೊಡ್ಡ ಕ್ಯಾನುಗಳು ಪ್ರತಿದಿನ ಗಾಡಿಯಲ್ಲಿ ಹೋಗಿ ಬಿಸಿನೀರಿನಲ್ಲಿ ತೊಳೆದು ಬರುತ್ತಿದ್ದವು. ಮೂಲೆಯ ಕ್ಯಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ತೊಳೆಯುವವರು ಯಾರು? ಕಾರ್ಯದರ್ಶಿ ಮುಟ್ಟಲೊಲ್ಲಳು. ಹಾಲು ತರುವವಳನ್ನೇ ಒಳಗೆ ಕರೆದು ತೊಳೆಸೋಣವೆಂದರೆ ಹೊಸ್ತಿಲು ದಾಟಿಸುವವರಿಲ್ಲ. ಕೊನೆಗೆ ಕಾರ್ಯದರ್ಶಿ ದೂರದಿಂದ ಒಂದು ಚೊಂಬು ತಣ್ಣೀರು ಎರಚಿ, ಕಾಲಲ್ಲಿ ಕ್ಯಾನು ಉರುಳಿಸಿ ನೀರು ಚೆಲ್ಲಿಬಿಡುತ್ತಿದ್ದಳು.

ಒಂದು ದಿನ ನಾನು ಅದರ ಮುಚ್ಚಳ ತೆಗೆದು ನೋಡಿದೆ. ಯಾಕೆ ನೋಡಿದೆನೋ. ಮುಚ್ಚಳದ ಒಳಗಡೆ ರಬ್ಬರಿನ ಸುತ್ತ ಹಳದಿ ಗಸಿ ಬೆರಳು ದಪ್ಪ ಕಟ್ಟಿತ್ತು. ಅದರಲ್ಲಿ ನೊಣಗಳು ಅಂಟಿಕೊಂಡಿದ್ದವು. ಒಂದು ಇನ್ನೂ ಕಾಲಾಡಿಸುತ್ತಿತ್ತು. ಮಗು ಕಕ್ಕಿದ ಬಟ್ಟೆಯನ್ನು ಎರಡು ದಿನ ಮುದುರಿ ಇಟ್ಟರೆ ಬರುವ ವಾಸನೆ. ಮುಚ್ಚಳ ಮುಚ್ಚಿ ಮನೆಗೆ ಬಂದು ಕೈಯನ್ನು ಸೀಗೆಪುಡಿ ಹಾಕಿ ಉಜ್ಜಿದೆ. ಯಾರಿಗೂ ಹೇಳಲಿಲ್ಲ.

ಬೇಸಿಗೆಯ ಒಂದು ಸಂಜೆ ಗಾಡಿಯವನು ಆ ಕ್ಯಾನಿನ ಮುಚ್ಚಳ ತೆಗೆದವನೇ ಎರಡು ಹೆಜ್ಜೆ ಹಿಂದೆ ಹಾರಿದ. "ಥೂ, ಇದೇನ್ರಮ್ಮಾ, ಒಡೆದೋಗದೆ! ಇದನ್ನ ನಾನು ತಗಂಡೋಗಲ್ಲ." ಅಷ್ಟು ಸಾಕಾಯಿತು. ರಾತ್ರಿ ಊಟದ ಹೊತ್ತಿಗೆ ಮೇಲಿನ ಕೇರಿಗೆಲ್ಲ ಸುದ್ದಿ: ಅವಳ ಹಾಲು ಒಡೆಯಿತು, ಅವರಿಗೆ ಶುಚಿ ಗೊತ್ತಿಲ್ಲ, ಹಸು ಕಟ್ಟುವ ಕೈ ಬೇರೆ ಇರುತ್ತದೆ.

ಅದೇ ವಾರ ಅಧ್ಯಕ್ಷೆಯ ಮನೆ ಹಾಲೂ ಒಡೆದಿತ್ತು. "ಬಿಸ್ಲು ಕಣಮ್ಮಿ, ಅದ್ರಲ್ಲೂ ಗಾಡಿ ಲೇಟು," ಅಂದಿದ್ದರು. ನಮ್ಮ ಮನೆಯ ಹಾಲು ಒಮ್ಮೆ ವಾಪಸು ಬಂದಾಗ ಹಸು ಕರು ಹಾಕಿ ಹದಿನೈದು ದಿನವಾಗಿರಲಿಲ್ಲ ಅಂತ ನಾನು ಹೇಳಿದ್ದೆ. ನಮ್ಮ ಹಾಲು ಕೆಟ್ಟರೆ ಬಿಸಿಲು, ಗಾಡಿ, ಕರು. ಅವಳ ಹಾಲು ಕೆಟ್ಟರೆ ಅವಳು.

ಮಾರನೆಯ ಸಂಜೆ ಏಳೂ ಜನ ಡೈರಿಯ ಮುಂದೆ ಸೇರಿದೆವು. ಅವಳನ್ನು ಪಾತ್ರೆ ಸಮೇತ ಬರಹೇಳಿದ್ದರು. ಆಗ ತಾನೇ ಕರೆದ ಹಾಲು, ಮೇಲೆ ನೊರೆ ಇನ್ನೂ ಇಳಿದಿರಲಿಲ್ಲ. ಜಗಲಿಯ ಮೇಲೆ ಪಾತ್ರೆ ಇಟ್ಟು ದೂರ ನಿಂತಳು.

"ಎಲ್ಲಾರೂ ಮೂಸಿ. ಆಮೇಲೆ ನಾನೊಬ್ಳೇ ಹೇಳ್ದೆ ಅಂತ ಬರಬಾರ್ದು," ಅಂದರು ಅಧ್ಯಕ್ಷೆ. ಮೊದಲು ತಾವೇ ಬಗ್ಗಿದರು. "ಹೂಂ. ಅದೆ."

ಎರಡನೆಯವಳು ಸೆರಗನ್ನು ಮೂಗಿಗೆ ಇಟ್ಟುಕೊಂಡೇ ಬಗ್ಗಿದಳು. ಸೆರಗಿನೊಳಗಿಂದ ಅದೇನು ಮೂಸಿದಳೋ, "ಯಪ್ಪಾ," ಅಂದಳು. ಮೂರನೆಯವಳು ತಲೆ ಆಡಿಸಿದಳು. ನಾಲ್ಕನೆಯವಳು, "ಒಂತರಾ ಅದೆ ಕಣಕ್ಕ," ಅಂದಳು. ಐದನೆಯವಳು ನಾನು.

ಹಾಲು ತಂದವಳು ನಿಂತಲ್ಲಿಂದಲೇ ನನಗೆ ಕೂಗಿ ಹೇಳಿದಳು: "ನೀವು ಸರ್ಯಾಗ್ ಮೂಸಿ ಹೇಳಿ ಅಕ್ಕಾರೆ. ನೀವು ಹೇಳುದ್ರೆ ನಾನು ಒಪ್ಕತೀನಿ."

ಬಗ್ಗಿದೆ. ಬೆಚ್ಚಗೆ ಆವಿ ಮುಖಕ್ಕೆ ಬಡಿಯಿತು. ಹಸಿ ಹುಲ್ಲು, ಕೆಚ್ಚಲಿನ ಬಿಸುಪು, ಚೂರು ಸಿಹಿ. ನನ್ನ ಮನೆಯಲ್ಲಿ ದಿನಾ ಬರುವ ಪರಿಮಳವೇ. ತಲೆ ಎತ್ತಿದರೆ ಆರು ಮುಖ ನನ್ನನ್ನೇ ನೋಡುತ್ತಿದ್ದವು. ನನ್ನ ಮೂಗಿಗೇ ನೆಗಡಿ ಇದೆಯೇನೋ ಅಂತ ಒಂದು ಗಳಿಗೆ ನಿಜವಾಗಿ ಅನುಮಾನ ಬಂತು. ನೆಗಡಿ ಇರಲಿಲ್ಲ. ಮೂಗು ಕಿವಿಚಿದೆ. ತಲೆ ಪಕ್ಕಕ್ಕೆ ಎಳೆದುಕೊಂಡೆ. "ಸ್ವಲ್ಪ ಅಂಗೇ ಅದೆ," ಅಂದೆ.

ಉಳಿದಿಬ್ಬರು ಬಗ್ಗಿದಂತೆ ಮಾಡಿದರು.

ಅವಳು ಬಂದು ಪಾತ್ರೆಗೆ ಮುಚ್ಚಳ ಹಾಕಿ, ಚೆಲ್ಲದ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹೋದಳು. ಸದಸ್ಯತ್ವದ ಅರ್ಜಿಯ ಮೇಲೆ ‘ಗುಣಮಟ್ಟವಿಲ್ಲ’ ಎಂದು ಬರೆದರು. ಕೆಲವು ತಿಂಗಳು ಅವಳು ಹುಲ್ಲಹಳ್ಳಿಯ ಒಂದು ಟೀ ಅಂಗಡಿಗೆ ಹಾಲು ಕೊಟ್ಟಳು. ನಮ್ಮೂರಿನವರು ಯಾರೋ ಅಲ್ಲಿಗೂ ಮಾತು ಮುಟ್ಟಿಸಿದರು. ಹಸು ಮಾರಿ ಮತ್ತೆ ಕಳೆ ಕೀಳಲು ಬಂದಳು. ನಮ್ಮ ಗದ್ದೆಗೆ ಮಾತ್ರ ಬರಲಿಲ್ಲ.

ಏಳೆಂಟು ವರ್ಷ ಹೀಗೇ ಹೋಯಿತು. ನನ್ನ ಮಗಳು ಟಿ. ನರಸೀಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದುಕೊಂಡು ಡಿ.ಎಡ್. ಓದುತ್ತಿದ್ದಳು. ರಜೆಗೆ ಬಂದಾಗ ಮನಶ್ಶಾಸ್ತ್ರದ ನೋಟ್ಸನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಮನೋಭಾವ ಎಂದರೇನು: ಒಬ್ಬರನ್ನು ನೋಡುವ ಮೊದಲೇ ಅವರ ಬಗ್ಗೆ ಮನಸ್ಸು ತಯಾರಾಗಿರುವ ರೀತಿ. ಇನ್ನೊಬ್ಬರು ತಪ್ಪು ಮಾಡಿದರೆ ಅದು ಅವರ ಗುಣದಿಂದ ಅನ್ನುತ್ತೇವೆ, ನಾವು ಮಾಡಿದರೆ ಸಂದರ್ಭದಿಂದ ಅನ್ನುತ್ತೇವೆ. ಗುಂಪಿನಲ್ಲಿ ಎಲ್ಲರೂ ಒಂದು ಮಾತು ಹೇಳಿದರೆ, ತನ್ನ ಕಣ್ಣಿಗೆ ಕಂಡದ್ದನ್ನೇ ಮನುಷ್ಯ ಅಲ್ಲ ಅನ್ನುತ್ತಾನೆ.

"ಕಣ್ಣಿಗೆ ಮಾತ್ರವಾ? ಮೂಗಿಗೂ ಅನ್ವಯಿಸ್ತದಾ?" ಅಂದೆ.

ಅವಳು ನೋಟ್ಸು ಮುಚ್ಚಿ ನನ್ನ ಮುಖ ನೋಡಿದಳು. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಹಗುರವಾಯಿತು. ಓದಿದವರೇ ಬರೆದಿದ್ದಾರಲ್ಲ, ನಾಲ್ಕು ಜನ ಹೇಳಿದ ಮೇಲೆ ಐದನೆಯವಳು ಏನು ಮಾಡುವುದಕ್ಕಾಗುತ್ತದೆ, ಗುಂಪಿನ ಬಲ ಅಂಥದ್ದು ಅಂತ ಕೊನೆಗೆ ಸೇರಿಸಿದೆ.

"ಅವ್ವಾ," ಅಂದಳು ಮಗಳು, "ಈಗ ನೀನು ಹೇಳ್ತಿರೋದೂ ಅದೇ. ಅವಳ ಹಾಲು ಒಡೆದ್ರೆ ಅವಳ ಗುಣ, ನೀನು ಸುಳ್ಳು ಹೇಳುದ್ರೆ ಗುಂಪು. ನಿಂಗೆ ನೀನೇ ಮಾರ್ಕ್ಸ್ ಹಾಕ್ಕೊಂಡ್ ಬಿಟ್ಯಲ್ಲ."

ಬಿಡಿಸಿದ ಅವರೆಕಾಳಿನಲ್ಲಿ ಒಂದು ಹುಳು ಹೊರಳುತ್ತಿತ್ತು. ಅದನ್ನು ತೆಗೆದುಹಾಕುವ ಬದಲು ನೋಡುತ್ತಾ ಕೂತೆ. ಆ ಹುಳುವಿಗಿಂತ ನನ್ನ ಮೇಲೆ ನನಗೆ ಹೆಚ್ಚು ಹೇಸಿಗೆಯಾಯಿತು.

ಮಾರನೆಯ ದಿನ ಕೆಳಗಿನ ಕೇರಿಗೆ ಹೋದೆ. ಅವಳು ತನ್ನ ಮನೆ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಕೂರಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಆವತ್ತು ನಿನ್ನ ಹಾಲಿಗೆ ವಾಸನೆ ಇರಲಿಲ್ಲ ಅಂದೆ.

"ನಂಗೊತ್ತಿಲ್ವಾ, ಕರೆದವಳು ನಾನಲ್ವಾ?" ಅಂದಳು. ಮೊರ ನಿಲ್ಲಿಸಲಿಲ್ಲ. "ನಿಮ್ಗೂ ಗೊತ್ತು ಅಂತ ಆವತ್ತೇ ಗೊತ್ತಾಯ್ತು. ಇಲ್ಲಿ ಬಂದು ನನ್ ಕಿವೀಲಿ ಹೇಳುದ್ರೆ ಏನಾಯ್ತದೆ? ಡೈರೀಲಿ ಹೇಳಿ. ಸೊಸೆಗೊಂದು ಹಸ ಕೊಡುಸ್ಬೇಕು ಅಂತ ಮಾಡಿವ್ನಿ. ಹಾಲು ತಗತೀವಿ ಅಂದ್ರೆ ತಾನೆ ಹಸ?"

ಹೇಳುತ್ತೇನೆ ಅಂದೆ. ಆ ತಿಂಗಳ ಸಭೆಯಲ್ಲಿ ಹೇಳಿದೆ. ಅದೇ ಏಳು ಜನ, ತಲೆ ಮಾತ್ರ ನರೆತಿದ್ದವು. ಆವತ್ತಿನ ಹಾಲು ಚೆನ್ನಾಗಿತ್ತು, ನಾನು ಸುಳ್ಳು ಹೇಳಿದೆ, ಕೆಟ್ಟಿದ್ದು ನಾವು ತೊಳೆಯದ ಕ್ಯಾನು ಅಂದೆ. ಬೈಯುತ್ತಾರೆ, ಹೊರಗೆ ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ.

"ಅಯ್ಯೋ, ನಂಗೂ ಬಂದಿರ್ಲಿಲ್ಲ ಬುಡಕ್ಕ," ಅಂದಳು ನಾಲ್ಕನೆಯವಳು.

"ನಂಗೆ ಸೆರಗಿನ ನುಸಿ ಗುಳಿಗೆ ವಾಸ್ನೆ ಬಂತು," ಅಂದಳು ಎರಡನೆಯವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಮತ್ತೆ ಯಪ್ಪಾ ಅಂದ್ಯಲ್ಲ?"

"ಅಧ್ಯಕ್ಷ್ರು ಅದೆ ಅಂದ್ಮೇಲೆ ನಾನು ಇಲ್ಲ ಅನ್ನಕಾಯ್ತದಾ?"

ಅಧ್ಯಕ್ಷೆ ಕಣ್ಣೊರೆಸಿಕೊಂಡು ನಗುತ್ತಲೇ ಅಂದರು, "ನಂಗೇನ್ ಗೊತ್ತು ಕಣ್ರಮ್ಮಿ. ನೀವೆಲ್ಲಾ ವಾಸ್ನೆ ಅದೆ ಅನ್ಕಂಡಿದ್ದೀರಿ ಅಂತ ನಾನು ಮೊದ್ಲು ಹೇಳ್ದೆ."

ಏಳು ಮೂಗು. ಒಂದಕ್ಕೂ ವಾಸನೆ ಬಂದಿರಲಿಲ್ಲ. ನನಗೆ ನಗು ಬರಲಿಲ್ಲ.

ಹಾಗಾದರೆ ಅವಳಿಗೆ ಸದಸ್ಯತ್ವ ಕೊಡೋಣ ಅಂದೆ. ಕಾರ್ಯದರ್ಶಿ ಸಂಘದ ನಿಯಮಗಳ ಪುಸ್ತಕ ತಿರುವಿ ಹಾಕಿ, "ಹಸ ಇಲ್ದೋರ್ಗೆ ಕೊಡಕೆ ಬೈಲಾದಲ್ಲಿ ಅವಕಾಶ ಇಲ್ಲ. ಹಸ ತಂದು ಆರು ತಿಂಗ್ಳು ಹಾಲು ಹಾಕ್ಲಿ, ಆಮೇಲೆ ನೋಡಣ," ಅಂದಳು. ಸರಿಯಾದ ಮಾತು ಅಂದರು ಎಲ್ಲರೂ. ಒಬ್ಬೊಬ್ಬರಾಗಿ ತಲೆ ಆಡಿಸಿದರು. ಅಷ್ಟರಲ್ಲಿ ಕಾಫಿ ಬಂತು.

ಸಂಜೆ ಹೋಗಿ ಅವಳಿಗೆ ಹೇಳಿದೆ. ಸೊಸೆಯೂ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಹಸ ತಂದ್ಮೇಲೆ ಇನ್ನೊಂದ್ಸಲ ವಾಸ್ನೆ ಅಂದ್ರೆ?" ಅಂದಳು ಸೊಸೆ.

ಅತ್ತೆ ಅವಳನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿದಳು. "ಅವ್ರು ಬೈಲಾ ಅಂದಾಗ ನೀವೇನಂದ್ರಿ ಅಕ್ಕಾರೆ?"

ನಾನು ಕಾಫಿ ಕುಡಿದಿದ್ದೆ.