ಆಲೆಟ್ಟಿಯ ಸಾಲಿನಲ್ಲಿ ಪ್ರೇಮಾವತಿ

ಸುಳ್ಯದ ನಮ್ಮ ಹಾಸ್ಟೆಲಿನ ಹುಡುಗಿಯರು ವಾರ್ಡನ್ ಪ್ರೇಮಾವತಿಯ ಕೈಲಿ ಬೈಸಿಕೊಳ್ಳುತ್ತಿದ್ದದ್ದು ಎರಡೇ ವಿಷಯಕ್ಕೆ. ಅನ್ನ ಚೆಲ್ಲಿದರೆ, ಮತ್ತೆ ಹದಿನೆಂಟು ತುಂಬಿಯೂ ಮತದಾರರ ಪಟ್ಟಿಗೆ ಹೆಸರು ಸೇರಿಸದಿದ್ದರೆ. ಅಲ್ಲಿ ಅಡುಗೆ ಮಾಡುವ ನನಗೆ ಅನ್ನದ ವಿಷಯ ಒಪ್ಪಿಗೆಯೇ. ಈ ವೋಟಿನ ಹುಚ್ಚು ಮಾತ್ರ ಅವಳೊಬ್ಬಳದ್ದು.

ಫೋಟೋ ತೆಗೆಸುವುದು, ಆಧಾರ್ ಹುಡುಕಿಸುವುದು, ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಅರ್ಜಿ ಹಾಕಿಸುವುದು, ಎಲ್ಲ ಅವಳದ್ದೇ. "ವರ್ಷ ಇಡೀ ಇರುದು ಇಲ್ಲಿ, ಹೆಸರು ಮಾತ್ರ ಊರಲ್ಲಿ ಯಾಕೆ? ಆ ದಿನ ಬಸ್ಸೆಲ್ಲ ಚುನಾವಣೆ ಡ್ಯೂಟಿಗೆ ಹೋಗಿರ್ತದೆ. ನೀವು ಊರಿಗೆ ಮುಟ್ಟುವಾಗ ಬೂತು ಮುಚ್ಚಿರ್ತದೆ" ಎಂದು ಎಲ್ಲರ ಹೆಸರನ್ನೂ ಹಾಸ್ಟೆಲಿನ ವಿಳಾಸಕ್ಕೇ ಮಾಡಿಸುತ್ತಿದ್ದಳು.

ಕೊಲ್ಲಮೊಗ್ರಿನ ನವ್ಯಾ ಮಾತ್ರ ಹಟ ಹಿಡಿದಳು. "ಮೇಡಂ, ನನ್ನ ಮೊದಲ ವೋಟು. ಅಮ್ಮನ ಒಟ್ಟಿಗೆ ಹೋಗ್ಬೇಕು ಅಂತ ಆಸೆ ಉಂಟು."

"ಅಮ್ಮನನ್ನು ನೋಡ್ಲಿಕ್ಕೆ ವೋಟು ಬೇಕಾ ನಿನಗೆ?" ಎಂದು ಗದರಿದಳು ಪ್ರೇಮಾವತಿ. ಹುಡುಗಿ ಕಣ್ಣೊರೆಸಿಕೊಂಡು ಅರ್ಜಿ ಹಾಕಿದಳು.

ನನಗೆ ಸಿಟ್ಟು ಬಂತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಪ್ರೇಮಾವತಿಯ ಹೆಸರೇ ಹಾಸ್ಟೆಲಿನ ವಿಳಾಸದಲ್ಲಿರಲಿಲ್ಲ. ಅದು ಇದ್ದದ್ದು ಆಲೆಟ್ಟಿಯಲ್ಲಿ, ಅವಳು ಬಿಟ್ಟು ಬಂದ ಗಂಡನ ಮನೆಯ ವಿಳಾಸದಲ್ಲಿ.

ಗಂಡನ ಪೆಟ್ಟು ತಾಳಲಾರದೆ ಬಂದವಳು ಅವಳು. ಮಗ ಸುಜಯ್ ಆಗ ಸಣ್ಣವ. ಅವನನ್ನು ಕರೆದುಕೊಂಡು ಹೋಗಲು ಮಾವ ಬಿಡಲಿಲ್ಲ. ಒಮ್ಮೆ ತಿಂಡಿ ಕಟ್ಟಿಕೊಂಡು ಮಗನ ಶಾಲೆಯ ಹತ್ತಿರ ಹೋಗಿದ್ದಳು. ಆ ಪುಣ್ಯಾತ್ಮರು ಹುಡುಗನ ಶಾಲೆಯನ್ನೇ ಬದಲಾಯಿಸಿದರು. ಆಮೇಲೆ ಅವಳು ಆಲೆಟ್ಟಿಗೆ ಹೋಗುತ್ತಿದ್ದದ್ದು ವೋಟಿನ ದಿನ ಮಾತ್ರ. ಅಜ್ಜನ ಬೆರಳು ಹಿಡಿದು ಬೂತಿಗೆ ಬರುವ ಮಗನನ್ನು ಸಾಲಿನಲ್ಲಿ ನಿಂತೇ ನೋಡಿ ವಾಪಸು ಬರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ.

"ಆ ಅಂಗಳದಿಂದ ನನ್ನನ್ನು ಓಡಿಸ್ಬಹುದು ಚೆನ್ನಕ್ಕ. ಬೂತಿನ ಸಾಲಿನಿಂದ ಓಡಿಸ್ಲಿಕ್ಕೆ ಯಾರಿಂದ ಆಗ್ತದೆ?" ಎನ್ನುತ್ತಿದ್ದಳು.

ಕಳೆದ ಚುನಾವಣೆಗೆ ಸುಜಯನಿಗೆ ಹದಿನೆಂಟು ತುಂಬಿತ್ತು. "ಈ ಸಲ ಅವನೂ ಸಾಲಿನಲ್ಲಿ ನಿಲ್ತಾನೆ. ಮಾತಾಡ್ತೇನೆ. ದೊಡ್ಡವ ಆದ, ಇನ್ನು ಅಜ್ಜನನ್ನು ಕೇಳ್ಬೇಕಾಗಿಲ್ಲ" ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಳು.

ಆ ದಿನ ಬೆಳಿಗ್ಗೆ ಹುಡುಗಿಯರನ್ನೆಲ್ಲ ಬೂತಿಗೆ ಕರೆದುಕೊಂಡು ಹೋಗಿ ವೋಟು ಹಾಕಿಸಿದಳು. ಆಮೇಲೆ ನಾವಿಬ್ಬರೂ ಜೀಪು ಹತ್ತಿದೆವು, ನನ್ನ ವೋಟೂ ಆಲೆಟ್ಟಿಯಲ್ಲೇ. ಶಾಲೆಯ ಜಗಲಿಯಲ್ಲಿ ಈಚೆ ಹೆಂಗಸರ ಸಾಲು, ಆಚೆ ಗಂಡಸರದ್ದು. ಬಾಗಿಲು ಹತ್ತಿರವಾದಾಗಲೆಲ್ಲ ಪ್ರೇಮಾವತಿ ಹಿಂದಿನವರಿಗೆ "ನೀವು ಹೋಗಿ, ನನಗೆ ಅರ್ಜೆಂಟಿಲ್ಲ" ಎಂದು ದಾರಿ ಬಿಡುತ್ತಿದ್ದಳು. ಮಾವ ಒಬ್ಬನೇ ಬಂದ. ಇವಳನ್ನು ಕಂಡು ಮುಖ ತಿರುಗಿಸಿದ, ವೋಟು ಹಾಕಿದ, ಹೋದ. ಬಿಸಿಲು ಏರಿತು. ನಾನು ವೋಟು ಹಾಕಿ ಬಂದು ಜಗಲಿಯ ಪಕ್ಕದ ಗೋಳಿಮರದ ಅಡಿಯಲ್ಲಿ ಕೂತೆ. ಅವಳು ನಿಂತೇ ಇದ್ದಳು.

ಕೊನೆಗೆ ಗಂಡನ ಮನೆಯ ನೆರೆಯ ಕದೀಜಮ್ಮ ವೋಟು ಹಾಕಿ ಹೊರಗೆ ಬಂದವರು ಅವಳ ಹತ್ತಿರ ನಿಂತರು. "ಸುಜಯನನ್ನು ಕಾಯುದಾ ಪ್ರೇಮಾ? ಅವ ಬರುದಿಲ್ಲ. ಪುತ್ತೂರಿನ ಹಾಸ್ಟೆಲಲ್ಲಿ ಅಲ್ವಾ ಇರುದು, ಹೆಸರೂ ಅಲ್ಲಿಗೇ ಮಾಡಿಸಿದ್ದಂತೆ. ಅಲ್ಲಿಯ ವಾರ್ಡನ್ ಭಾರೀ ಒಳ್ಳೆಯವರಂತೆ. ಎಲ್ಲ ಮಕ್ಕಳಿಗೂ ಅವರೇ ಕೂತು ಮಾಡಿಸಿದ್ದಂತೆ."

"ಹೌದಾ? ಒಳ್ಳೆದಾಯ್ತು" ಎಂದಳು ಪ್ರೇಮಾವತಿ.

ಅವಳು ಇನ್ನು ಯಾರಿಗೂ ದಾರಿ ಬಿಡಲಿಲ್ಲ, ನೇರ ಒಳಗೆ ಹೋಗಿ ವೋಟು ಹಾಕಿ ಬಂದಳು.

ಜೀಪಿನಲ್ಲಿ ತನ್ನ ಬೆರಳನ್ನೇ ನೋಡುತ್ತಾ ಕೂತಿದ್ದವಳು ಕೇಳಿದಳು, "ಶಾಯಿ ಒಣಗುವವರೆಗೆ ಅಂಗಿಗೆ ತಾಗಿಸ್ಬೇಡ ಅಂತ ಅವನಿಗೆ ಯಾರಾದ್ರೂ ಹೇಳಿರ್ಬಹುದಾ ಚೆನ್ನಕ್ಕ?"

"ಆ ವಾರ್ಡನ್ ಹೇಳಿರ್ತಾರೆ ಮಾರಾಯ್ತಿ" ಎಂದೆ. ಆಗ ಅತ್ತಳು. ಜೀಪಿನವರೆಲ್ಲ ಹೊರಗೆ ನೋಡಿದರು.

ಹಾಸ್ಟೆಲಿನಲ್ಲಿ ಹುಡುಗಿಯರು ಬೆರಳು ಎತ್ತಿ ಫೋಟೋ ತೆಗೆಯುತ್ತಿದ್ದರು. ಪ್ರೇಮಾವತಿ ನವ್ಯಾಳನ್ನು ಕರೆದಳು. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋಗು."

"ಎಂತಕ್ಕೆ ಮೇಡಂ?"

"ಬೆರಳು ಅಮ್ಮನಿಗೆ ತೋರಿಸಿ ಬಾ. ಕಾಲೇಜಿಗೆ ನಾನು ಹೇಳ್ತೇನೆ."

ಊಟದ ಪಾತ್ರೆ ತೊಳೆಯುವಾಗ ನಾನು ಬಾಯಿಬಿಟ್ಟೆ. "ಇನ್ನಾದ್ರೂ ನಿನ್ನ ಹೆಸರು ಇಲ್ಲಿಗೆ ಮಾಡಿಸು. ಅಲ್ಲಿ ಹೋಗಿ ಬಿಸಿಲಿಗೆ ನಿಲ್ಲುದು ಯಾರಿಗಾಗಿ?"

ಅವಳು ಬಟ್ಟಲು ಒರೆಸುತ್ತಿದ್ದಳು. "ಬೇಡ ಚೆನ್ನಕ್ಕ. ಅವನ ಓದು ಮುಗಿದ್ರೆ ಹಾಸ್ಟೆಲ್ ಬಿಡ್ಬೇಕಲ್ಲ. ಹೆಸರು ಪುನಃ ಆಲೆಟ್ಟಿಗೇ ಬರ್ತದೆ" ಎಂದಳು.